ವ್ಯೋಮನೌಕೆಯ ಮೈಲೇಪ

ಬೇಸಗೆ ಕಾಲಿಡುವ ಮುನ್ನ ಮನೆಯ ತಾರಸಿಗೆ ಸುಣ್ಣ ಬಳಿಯಿಸುವುದು ಕನ್ನಡ ನಾಡಿನ ಗೃಹಸ್ಥರಿಗೆ ಹೊಸತಲ್ಲ. ಬಚ್ಚಲೊಲೆಯ ಹಂಡೆಯ ಹೊರಮೈಗೆ ಹಿಡಿದ ಮಸಿಯನ್ನು ಯಾರೂ ಉಜ್ಜಿ ತೆಗೆಯಹೋಗುವುದಿಲ್ಲ. ಮಸಿ ಹಿಡಿದ ಹಂಡೆಯಲ್ಲಿ ನೀರು ಬೇಗನೆ ಕಾಯುತ್ತದೆಂಬುದು ಅನುಭವದಿಂದ ಬಂದ ತಿಳಿವಳಿಕೆ. ಬೆಳಗಿದ ಹಿತ್ತಾಳೆಯ ಚೆಂಬಿನಲ್ಲಿಟ್ಟ ಬಿಸಿಹಾಲು ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಮಾಗಿಯ ಚಳಿಯಲ್ಲಿ ಕುರಿಗಾಹಿಗೆ ಕಂಬಳಿಯೇ ಮನೆ. ಸುಣ್ಣ, ಮಸಿ, ಬೆಳಗಿದ ಲೋಹ, ಕಂಬಳಿ ಎಂಬ ಈ ನಾಲ್ಕು ವಸ್ತುಗಳ ಗುಣವನ್ನು ಬಲ್ಲವನು, ಭೂಮಿಯನ್ನು ಬಿಟ್ಟು ಸಾವಿರಾರು ಕಿಲೋಮೀಟರ್ ಮೇಲೆ ಸಂಚರಿಸುವ ವ್ಯೋಮನೌಕೆಗಳ ಮೈರಕ್ಷಣೆಯ ಗುಟ್ಟನ್ನೂ ಅರ್ಧಮಟ್ಟಿಗೆ ಬಲ್ಲನೆನ್ನಬಹುದು. ಏಕೆಂದರೆ ಅಲ್ಲಿ ಬಳಕೆಯಲ್ಲಿರುವ ಉಪಾಯಗಳೂ ತತ್ತ್ವತಃ ಈ ನಾಲ್ಕೇ.

೨೦೧೩ರಲ್ಲಿ ಮಂಗಳಗ್ರಹಕ್ಕೆ ಹೊರಟ ಭಾರತದ ನೌಕೆಯ ಚಿತ್ರಗಳು ಪತ್ರಿಕೆಗಳಲ್ಲಿ ಬಂದಾಗ ಅದರ ಮೈಮೇಲಿನ ಹೊಂಬಣ್ಣದ ಹೊದಿಕೆಯನ್ನು ಕಂಡು, ಇಷ್ಟೊಂದು ಚಿನ್ನವೇಕೆ ಎಂದು ಕೇಳಿದವರುಂಟು. ಅದು ಚಿನ್ನವಲ್ಲ. ಅದೇನು, ಅದರ ಕೆಲಸವೇನು, ಅದು ಕೆಟ್ಟರೆ ಆಗುವ ಅನರ್ಥವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

'ಲೇಪ'ವೆಂಬ ಶಬ್ದವು 'ಲಿಪ್' ಎಂಬ ಸಂಸ್ಕೃತ ಧಾತುವಿನಿಂದ ಬಂದುದು. ಬಳಿಯುವುದು, ಸವರುವುದು ಎಂಬುದು ಅದರ ಅರ್ಥ. 'ಲಿಪಿ' ಎಂಬುದೂ ಇದೇ ಧಾತುವಿನ ಸಂತಾನ. ಎಲೆಯ ಮೇಲೆ ಸವರಿದ ಮಸಿಯ ದಪ್ಪವೆಷ್ಟು? ಆದರೂ ಎಲೆಗೆ ಬೆಲೆ ಬರುವುದು ಅದರಿಂದಲೇ. ನೌಕೆಯ ಲೇಪವೂ ಹಾಗೆಯೇ. ಅದರ ದಪ್ಪ ಒಂದೆರಡು ಕೂದಲೆಳೆಯಷ್ಟು. ಆದರೆ ಕೋಟಿಗಟ್ಟಲೆ ಬೆಲೆಯ ನೌಕೆಯ ಅಳಿವು ಉಳಿವುಗಳು ಅದನ್ನೇ ನಂಬಿರುತ್ತವೆ.

ಗಾಳಿಯಿಲ್ಲದ ಎಡೆಯಲ್ಲಿ ಉಷ್ಣದ ದಾರಿ

ಉಷ್ಣವು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವ ದಾರಿಗಳು ಮೂರು: ವಹನ, ಸಂವಹನ, ವಿಕಿರಣ. ಕಾದ ಸೌಟಿನ ಹಿಡಿಯೂ ಬಿಸಿಯಾಗುವುದು ವಹನದಿಂದ. ಬಿಸಿಲಿನಲ್ಲಿ ಬಳಲಿ ಬಂದವನಿಗೆ ಗಾಳಿ ಬೀಸಿದರೆ ತಂಪಾಗುವುದರಲ್ಲಿ ಸಂವಹನದ ಪಾಲೂ ಉಂಟು. ಸೂರ್ಯನ ಶಾಖ ಭೂಮಿಗೆ ತಲುಪುವುದು ವಿಕಿರಣದಿಂದ. ಅಂತರಿಕ್ಷದಲ್ಲಿ ಗಾಳಿಯಿಲ್ಲ, ನೌಕೆಯು ಯಾವುದಕ್ಕೂ ಒರಗಿಕೊಂಡಿರುವುದೂ ಇಲ್ಲ. ಆದುದರಿಂದ ಹೊರಗಿನೊಡನೆ ಅದರ ಉಷ್ಣದ ಕೊಡುಕೊಳುವಿಕೆ ನಡೆಯುವುದು ವಿಕಿರಣವೆಂಬ ಒಂದೇ ದಾರಿಯಲ್ಲಿ.

ಭೂಮಿಯ ನೆರೆಯಲ್ಲಿ, ಸೂರ್ಯನಿಗೆ ಎದುರಾದ ಒಂದು ಚದರ ಮೀಟರ್ ಮೈಯ ಮೇಲೆ ಸುಮಾರು ೧,೩೬೧ ವಾಟ್‌ಗಳಷ್ಟು ಸೌರಶಕ್ತಿ ಎಡೆಬಿಡದೆ ಬೀಳುತ್ತದೆ. ಭೂಮಿಯು ಹಿಂದಕ್ಕೆ ಚೆಲ್ಲುವ ಬೆಳಕು, ಭೂಮಿಯೇ ಹೊರಸೂಸುವ ಶಾಖ, ನೌಕೆಯೊಳಗಿನ ಯಂತ್ರಗಳು ಹುಟ್ಟಿಸುವ ಶಾಖ ಇವೆಲ್ಲವೂ ಅದಕ್ಕೆ ಸೇರಿಕೊಳ್ಳುತ್ತವೆ. ಇನ್ನೊಂದು ಮಗ್ಗುಲಿನಲ್ಲಿರುವುದಾದರೋ ಕಪ್ಪಾದ, ಕೊರೆಯುವ ಶೂನ್ಯ. ಕೆಳಕಕ್ಷೆಯ ಉಪಗ್ರಹವೊಂದು ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಪ್ರತಿಯೊಂದು ಸುತ್ತಿನಲ್ಲಿಯೂ ಸಾಮಾನ್ಯವಾಗಿ ಮೂವತ್ತೈದು ನಿಮಿಷಗಳಷ್ಟು ಕಾಲ ನೆರಳಿನಲ್ಲಿರುತ್ತದೆ. ಅಂದರೆ ದಿನವೊಂದಕ್ಕೆ ಹದಿನೈದು ಹದಿನಾರು ಬಾರಿ ಅದಕ್ಕೆ ಹಗಲು, ಅಷ್ಟೇ ಬಾರಿ ರಾತ್ರಿ. ರಕ್ಷಣೆಯಿಲ್ಲದ ತೆಳ್ಳನೆಯ ತಗಡು ಬಿಸಿಲಿನಲ್ಲಿ ನೂರು ಡಿಗ್ರಿ ಸೆಲ್ಸಿಯಸ್ಸನ್ನು ದಾಟಿ, ನೆರಳಿನಲ್ಲಿ ಸೊನ್ನೆಗಿಂತ ನೂರು ಡಿಗ್ರಿ ಕೆಳಕ್ಕೆ ಇಳಿಯಬಲ್ಲದು. ಆದರೆ ಒಳಗಿನ ವಿದ್ಯುತ್ಕೋಶಗಳಿಗೆ ಬೇಕಾದುದು ಮಲೆನಾಡಿನ ಹವೆಯಂಥ ಹಿತವಾದ ಉಷ್ಣತೆ. ಇಂಧನವಾಗಿ ಬಳಸುವ ಹೈಡ್ರಜೀನ್ ಎಂಬ ದ್ರವವು ಸುಮಾರು ೨ ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. ಹೊರಗೆ ಇಂಥ ಅತಿರೇಕ, ಒಳಗೆ ಇಂಥ ಸೌಕುಮಾರ್ಯ. ಇವೆರಡರ ನಡುವೆ ನಿಂತು ಸಂಧಾನ ಮಾಡುವುದೇ ಮೈಲೇಪದ ಕಾರ್ಯ.

ಎರಡು ಗುಣಗಳು

ಯಾವುದೇ ಮೈಗೆ ಇಲ್ಲಿ ಗಣನೆಗೆ ಬರುವ ಗುಣಗಳು ಎರಡು. ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲನ್ನು ಅದು ಹೀರಿಕೊಳ್ಳುತ್ತದೆ ಎಂಬುದು ಮೊದಲನೆಯದು. ತನ್ನಲ್ಲಿರುವ ಶಾಖವನ್ನು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ರೂಪದಲ್ಲಿ ಎಷ್ಟು ಧಾರಾಳವಾಗಿ ಹೊರಸೂಸುತ್ತದೆ ಎಂಬುದು ಎರಡನೆಯದು. ಮೊದಲನೆಯದು ಆದಾಯ, ಎರಡನೆಯದು ವೆಚ್ಚ. ಎರಡೂ ಸರಿದೂಗುವ ಹಂತದಲ್ಲಿ ವಸ್ತುವಿನ ಉಷ್ಣತೆ ಸ್ಥಿರವಾಗುತ್ತದೆ.

ಕಣ್ಣಿಗೆ ಕಾಣುವ ಬಣ್ಣವನ್ನು ನೋಡಿ ಈ ಎರಡನೆಯ ಗುಣವನ್ನು ಊಹಿಸಲಾಗದು. ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಎಂಬ ವಿದ್ವಾಂಸನು ಲೋಹದ ಟೊಳ್ಳು ಘನವೊಂದರ ಮೈಗಳಲ್ಲಿ ಒಂದಕ್ಕೆ ಮಸಿ ಹಚ್ಚಿ, ಇನ್ನೊಂದನ್ನು ಬೆಳಗಿ, ಒಳಗೆ ಬಿಸಿನೀರು ತುಂಬಿ ಪರೀಕ್ಷಿಸಿದನು. ೧೮೦೪ರಲ್ಲಿ ಪ್ರಕಟವಾದ ಆ ಪ್ರಯೋಗದಿಂದ, ಒಂದೇ ನೀರು, ಒಂದೇ ಲೋಹವಾದರೂ ಮಸಿಯ ಮೈ ಹೆಚ್ಚು ಶಾಖವನ್ನು ಸೂಸುತ್ತದೆ, ಹೊಳೆಯುವ ಮೈ ಅತ್ಯಲ್ಪವನ್ನು ಸೂಸುತ್ತದೆ ಎಂಬುದು ಸ್ಪಷ್ಟವಾಯಿತು. ಬಿಳಿಯ ಬಣ್ಣದ ಮೈಯಾದರೋ ಬಿಸಿಲನ್ನು ತಿರಸ್ಕರಿಸುವುದರಲ್ಲಿ ಮಸಿಗೆ ತೀರ ವಿರುದ್ಧವಾದರೂ ಶಾಖವನ್ನು ಸೂಸುವುದರಲ್ಲಿ ಹೆಚ್ಚುಕಡಮೆ ಮಸಿಗೆ ಸರಿಸಮಾನ! ವ್ಯೋಮನೌಕೆಯ ಲೇಪಶಾಸ್ತ್ರವೆಲ್ಲ ನಿಂತಿರುವುದು ಈ ವಿಚಿತ್ರದ ಮೇಲೆ.

ಲೆಕ್ಕದಿಂದ ಇದನ್ನು ಮನದಟ್ಟು ಮಾಡಿಕೊಳ್ಳಬಹುದು. ಭೂಮಿಯ ನೆರೆಯಲ್ಲಿ ಸೂರ್ಯನಿಗೆ ನೇರವಾಗಿ ಎದುರಾದ, ಹಿಂಬದಿಯಿಂದ ಶಾಖ ಸೋರದಂತೆ ಬಂಧಿಸಿದ ಒಂದು ತಗಡನ್ನು ಭಾವಿಸೋಣ. ಹೀರುವ ಗುಣ, ಸೂಸುವ ಗುಣ ಎರಡೂ ಸಮನಾಗಿರುವ ಕಪ್ಪು ಬಣ್ಣ ಬಳಿದರೆ ಅದು ಸುಮಾರು ೧೨೦ ಡಿಗ್ರಿ ಸೆಲ್ಸಿಯಸ್ಸಿಗೆ ಏರಿ ನಿಲ್ಲುತ್ತದೆ. ಬಿಸಿಲಿನ ಐದನೆಯ ಒಂದು ಪಾಲನ್ನು ಮಾತ್ರ ಹೀರಿ, ಶಾಖವನ್ನು ಶೇಕಡಾ ೯೦ರ ಸಾಮರ್ಥ್ಯದಿಂದ ಸೂಸುವ ಬಿಳಿಯ ಬಣ್ಣ ಬಳಿದರೆ ಅದೇ ತಗಡು ಅದೇ ಬಿಸಿಲಿನಲ್ಲಿ ಸೊನ್ನೆಗಿಂತ ೩ ಡಿಗ್ರಿ ಕೆಳಗಿರುತ್ತದೆ. ಇನ್ನು ಬೆಳಗಿದ ಲೋಹದ ಮಾತು. ಅದು ಹೊಳೆಯುತ್ತದೆ, ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ಎಲ್ಲಕ್ಕಿಂತ ತಣ್ಣಗಿರಬೇಕೆಂದು ತೋರುವುದು ಸಹಜ. ವಾಸ್ತವ ಇದಕ್ಕೆ ವಿಪರೀತ. ಬಿಸಿಲಿನ ಶೇಕಡಾ ೧೫ನ್ನು ಹೀರಿ, ಶೇಕಡಾ ೫ರ ಸಾಮರ್ಥ್ಯದಿಂದ ಮಾತ್ರ ಸೂಸುವ ಲೋಹದ ಮೈ ೨೪೦ ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಅದರ ಆದಾಯ ಸ್ವಲ್ಪವೇ ಆದರೂ ವೆಚ್ಚ ಅದಕ್ಕಿಂತ ಸ್ವಲ್ಪ. ಜಿಪುಣನ ಮನೆಯಲ್ಲಿ ಧನ ಕೂಡಿಕೊಳ್ಳುವಂತೆ ಲೋಹದಲ್ಲಿ ಶಾಖ ಕೂಡಿಕೊಳ್ಳುತ್ತದೆ. ಗಾಳಿಯಿರುವ ಭೂಮಿಯ ಮೇಲೆ ಈ ಸಂಗತಿ ಇಷ್ಟು ತೀವ್ರವಾಗಿ ಗೋಚರವಾಗುವುದಿಲ್ಲ. ಗಾಳಿಯೇ ಶಾಖವನ್ನು ಒಯ್ದುಬಿಡುತ್ತದೆ.

ಲೇಪಗಳ ನಾಲ್ಕು ಬಗೆ

ಮೊದಲನೆಯದು ಕಪ್ಪು ಲೇಪ. ನೌಕೆಯ ಒಳಗಿನ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಇದನ್ನು ಕೊಡುತ್ತಾರೆ. ಕಾದ ಪೆಟ್ಟಿಗೆ ತಣ್ಣನೆಯ ಪೆಟ್ಟಿಗೆಗೆ ಶಾಖವನ್ನು ಹಂಚಿ ಎಲ್ಲವೂ ಸಮಸ್ಥಿತಿಯಲ್ಲಿರಲು ಇದು ಸಹಾಯಕ. ಎರಡನೆಯದು ಬಿಳಿಯ ಲೇಪ. ಸತುವಿನ ಆಕ್ಸೈಡಿನಂಥ ಬಿಳಿಯ ಪುಡಿಯನ್ನು ಸಿಲಿಕೋನ್ ಅಥವಾ ಪೊಟ್ಯಾಸಿಯಂ ಸಿಲಿಕೇಟ್ ಎಂಬ ಬಂಧಕದಲ್ಲಿ ಕಲಸಿ ಹಚ್ಚುವುದು ರೂಢಿ. ಅಂತರರಾಷ್ಟ್ರೀಯ ವ್ಯೋಮನಿಲ್ದಾಣದ ಶಾಖ ಹೊರಹಾಕುವ ಹಲಗೆಗಳ ಮೇಲೆ ಈ ಬಗೆಯ ಲೇಪವಿದೆ. ಮೂರನೆಯದು ಕನ್ನಡಿ ಬಿಲ್ಲೆ. ತೆಳುವಾದ ಗಾಜಿನ ಹಿಂಬದಿಗೆ ಬೆಳ್ಳಿಯನ್ನು ಲೇಪಿಸಿ ಮಾಡಿದ ಈ ಬಿಲ್ಲೆಗಳಲ್ಲಿ ಬೆಳ್ಳಿಯು ಬಿಸಿಲನ್ನು ಹಿಂದಿರುಗಿಸುತ್ತದೆ, ಗಾಜು ಒಳಗಿನ ಶಾಖವನ್ನು ಹೊರಸೂಸುತ್ತದೆ. ಬೆಳ್ಳಿಗೆ ಇಲ್ಲದ ಔದಾರ್ಯವನ್ನು ಗಾಜು, ಗಾಜಿಗೆ ಇಲ್ಲದ ತಿರಸ್ಕಾರಶಕ್ತಿಯನ್ನು ಬೆಳ್ಳಿ ಒದಗಿಸಿಕೊಡುತ್ತವೆ. ಹೊಸ ಬಿಲ್ಲೆಗಳು ಹೀರುವುದು ಬಿಸಿಲಿನ ಶೇಕಡಾ ೮ರ ಆಸುಪಾಸು ಮಾತ್ರ. ಇವನ್ನು ಅಂಟಿಸಿದ ತಗಡು ನಡುಬಿಸಿಲಿನಲ್ಲಿಯೂ ಸೊನ್ನೆಗಿಂತ ೫೦ ಡಿಗ್ರಿ ಕೆಳಗೆ ಇರಬಲ್ಲದು.

ನಾಲ್ಕನೆಯದು ಕಂಬಳಿ. ಹೊಂಬಣ್ಣದ ರಹಸ್ಯವಿರುವುದು ಇಲ್ಲಿ. ಪಾಲಿಯೆಸ್ಟರಿನಂಥ ವಸ್ತುವಿನಿಂದ ಮಾಡಿದ, ಕೂದಲಿಗಿಂತ ತೆಳುವಾದ ಹಾಳೆಗಳಿಗೆ ಅಲ್ಯೂಮಿನಿಯಂ ಲೇಪಿಸಿ, ಒಂದಕ್ಕೊಂದು ತಗುಲದಂತೆ ನಡುನಡುವೆ ಬಲೆಯಂಥ ಬಟ್ಟೆಯನ್ನಿಟ್ಟು, ಹತ್ತಾರು ಪದರಗಳನ್ನು ಸೇರಿಸಿ ಹೊಲಿಯುತ್ತಾರೆ. ಕುರುಬನ ಕಂಬಳಿ ಗಾಳಿಯನ್ನು ಹಿಡಿದಿಟ್ಟು ಚಳಿಯನ್ನು ತಡೆಯುತ್ತದೆ. ಈ ಕಂಬಳಿಯಾದರೋ ಪದರ ಪದರಗಳ ನಡುವೆ ಏನೂ ಇಲ್ಲದಿರುವುದರಿಂದಲೇ ಕೆಲಸ ಮಾಡುತ್ತದೆ. ಹೊರಪದರಕ್ಕೆ ಕಾಪ್ಟನ್ ಎಂಬ ಗಟ್ಟಿಮುಟ್ಟಾದ ಹಾಳೆಯನ್ನು ಉಪಯೋಗಿಸುವುದುಂಟು. ಕಾಪ್ಟನ್ನಿನ ಸಹಜವರ್ಣವು ಜೇನಿನಂಥ ಹಳದಿ. ಅದರ ಒಳಮೈಗೆ ಹಚ್ಚಿದ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತದೆ. ಹಳದಿಯ ಮೂಲಕ ಕಂಡ ಬಿಳಿಯ ಹೊಳಪು ಚಿನ್ನವೆಂದು ಕಣ್ಣನ್ನು ಮೋಸಗೊಳಿಸುತ್ತದೆ. ನಿಜವಾದ ಚಿನ್ನದ ಬಳಕೆಯೂ ಉಂಟು. ೨೦೨೧ರ ಡಿಸೆಂಬರಿನಲ್ಲಿ ಮೇಲೇರಿದ ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿಗಳಿಗೆ ಅತಿ ತೆಳುವಾದ ಚಿನ್ನದ ಲೇಪವಿದೆ. ಅವಗೆಂಪು ಕಿರಣಗಳನ್ನು ಪ್ರತಿಫಲಿಸುವುದರಲ್ಲಿ ಚಿನ್ನವು ಶ್ರೇಷ್ಠವೆಂಬುದು ಅದಕ್ಕೆ ಕಾರಣ, ಅಲಂಕಾರವಲ್ಲ.

೧೯೫೭ರ ಅಕ್ಟೋಬರ್ ೪ರಂದು ಹಾರಿದ ಮೊದಲ ಉಪಗ್ರಹ ಸ್ಪುಟ್ನಿಕ್ ಬೆಳಗಿದ ಅಲ್ಯೂಮಿನಿಯಂ ಮಿಶ್ರಲೋಹದ ಗೋಳ. ಅದರೊಳಗೆ ನೈಟ್ರೊಜನ್ ಅನಿಲವನ್ನು ತುಂಬಿ, ಶಾಖವನ್ನು ಹಂಚಲು ಬೀಸಣಿಗೆಯನ್ನಿಟ್ಟಿದ್ದರು. ೧೯೫೮ರಲ್ಲಿ ಅಮೆರಿಕೆಯು ಹಾರಿಸಿದ ಎಕ್ಸ್‌ಪ್ಲೋರರ್‌ನ ಮೈಮೇಲೆ ಬಿಳಿಯ ಹಾಗೂ ಕಡುಬಣ್ಣದ ಪಟ್ಟೆಗಳು ಒಂದರ ಪಕ್ಕದಲ್ಲೊಂದು ಇದ್ದವು. ಬಿಸಿಲು ನೆರಳುಗಳ ಅವಧಿಯನ್ನು ಲೆಕ್ಕ ಹಾಕಿ, ಎಷ್ಟು ಪಾಲು ಬಿಳುಪು, ಎಷ್ಟು ಪಾಲು ಕಡುಬಣ್ಣ ಎಂಬುದನ್ನು ನಿಶ್ಚಯಿಸಿದ್ದರು. ಭಾರತದ ಮೊದಲ ಉಪಗ್ರಹವಾದ 'ಆರ್ಯಭಟ' ರೂಪುಗೊಂಡದ್ದು ಬೆಂಗಳೂರಿನ ಪೀಣ್ಯದ ಸಾಧಾರಣ ಷೆಡ್ಡುಗಳಲ್ಲಿ, ಉಡುಪಿಯ ಬಳಿಯ ಅದಮಾರಿನವರಾದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ. ೩೬೦ ಕಿಲೋಗ್ರಾಂ ತೂಕದ, ಇಪ್ಪತ್ತಾರು ಮುಖಗಳ ಆ ಉಪಗ್ರಹವು ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಮೇಲೇರಿತು. ಮುಂದೆ ಬೆಂಗಳೂರಿನಲ್ಲಿ ಬೆಳೆದ ಉಪಗ್ರಹ ಕೇಂದ್ರಕ್ಕೆ ೨೦೧೮ರಲ್ಲಿ ಆ ಕನ್ನಡಿಗ ವಿಜ್ಞಾನಿಯ ಹೆಸರನ್ನೇ ಇಡಲಾಯಿತು.

ಕವಚ ಕಳಚಿದ ಸ್ಕೈಲ್ಯಾಬ್

ಸೂರ್ಯಪುತ್ರನಾದ ಕರ್ಣನಿಗೆ ಕವಚವು ಹುಟ್ಟಿನೊಡನೆಯೇ ಬಂದಿತ್ತು. ಅದನ್ನು ಕಳೆದುಕೊಂಡ ಮೇಲೆ ಅವನಿಗೊದಗಿದ ಗತಿ ಎಲ್ಲರೂ ಬಲ್ಲದ್ದು. ಕವಚ ಕಳಚಿದ ನೌಕೆಯೊಂದರ ಕಥೆಯೂ ವ್ಯೋಮಯಾನದ ಇತಿಹಾಸದಲ್ಲಿದೆ. ೧೯೭೯ರ ಜುಲೈ ತಿಂಗಳಿನಲ್ಲಿ, ತಲೆಯ ಮೇಲೆ ಬಿದ್ದೀತೆಂದು ನಮ್ಮ ದೇಶದ ಹಳ್ಳಿಹಳ್ಳಿಗಳನ್ನೂ ಹೆದರಿಸಿದ ಸ್ಕೈಲ್ಯಾಬ್ ಅದು. ಅದು ಬಿದ್ದ ಕಥೆ ಹಿರಿಯರಿಗೆ ನೆನಪಿದೆ. ಆರು ವರ್ಷಗಳ ಹಿಂದೆಯೇ ಅದು ಸಾಯಬೇಕಾಗಿದ್ದು ಬದುಕಿಕೊಂಡ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ.

೧೯೭೩ರ ಮೇ ೧೪ರಂದು ಅಮೆರಿಕೆಯ ಈ ವ್ಯೋಮನಿಲ್ದಾಣ ಮೇಲೇರಿತು. ಹೊರಟ ಸುಮಾರು ಒಂದು ನಿಮಿಷದಲ್ಲಿಯೇ ಅದರ ಹೊರಗವಚ ಗಾಳಿಯ ರಭಸಕ್ಕೆ ಸಿಕ್ಕಿ ಕಿತ್ತುಹೋಯಿತು. ಸಣ್ಣ ಉಲ್ಕಾಕಣಗಳನ್ನು ತಡೆಯುವುದರ ಜೊತೆಗೆ ಬಿಸಿಲನ್ನು ತಡೆಯುವುದೂ ಆ ಕವಚದ ಹೊಣೆಯಾಗಿತ್ತು. ಸೌರಫಲಕದ ರೆಕ್ಕೆಯೊಂದು ಕಳಚಿ ಹೋಯಿತು, ಇನ್ನೊಂದು ಸಿಕ್ಕಿಕೊಂಡು ಬಿಚ್ಚದಾಯಿತು. ಕವಚದ ಕೆಳಗೆ ಇದ್ದುದು ಚಿನ್ನದ ಲೇಪವುಳ್ಳ ಗೋಡೆ. ನೆರಳಿನಲ್ಲಿರುವ ತನಕ ಒಳಗಿನ ಶಾಖ ಸೋರದಂತೆ ಕಾಯಲು ಚಿನ್ನಕ್ಕಿಂತ ಮಿಗಿಲಾದುದಿಲ್ಲ. ಅದೇ ಚಿನ್ನ ಬರಿಯ ಬಿಸಿಲಿಗೆ ಒಡ್ಡಿಕೊಂಡಾಗ, ಹಿಂದೆ ಹೇಳಿದ ಜಿಪುಣನ ನ್ಯಾಯದಂತೆ, ಹೀರಿದ ಶಾಖವನ್ನು ಬಿಟ್ಟುಕೊಡದೆ ಕಾಯತೊಡಗಿತು. ನಿಲ್ದಾಣದ ಒಳಗಿನ ಉಷ್ಣತೆ ೫೦ ಡಿಗ್ರಿಯನ್ನು ದಾಟಿತು. ಆಹಾರ, ಔಷಧ, ಛಾಯಾಚಿತ್ರದ ಫಿಲ್ಮುಗಳು ಕೆಡುವ ಭೀತಿ. ಗೋಡೆಯೊಳಗಿನ ಪಾಲಿಯುರೆಥೇನ್ ನಿರೋಧಕವು ಕಾದು ವಿಷಾನಿಲವನ್ನು ಬಿಟ್ಟೀತೆಂಬ ಭೀತಿ. ಮರುದಿನವೇ ಹೊರಡಬೇಕಾಗಿದ್ದ ಯಾತ್ರಿಗಳ ಪ್ರಯಾಣವನ್ನು ಹತ್ತು ದಿನ ಮುಂದಕ್ಕೆ ಹಾಕಿದರು.

ಆ ಹತ್ತು ದಿನಗಳಲ್ಲಿ ಸಿದ್ಧವಾದದ್ದು ಒಂದು ಕೊಡೆ! ಹ್ಯೂಸ್ಟನ್ನಿನ ಕೇಂದ್ರದ ಜಾಕ್ ಕಿನ್ಸ್ಲರ್ ಎಂಬ ಕುಶಲಕರ್ಮಿ, ಒಂದರೊಳಗೊಂದು ಸರಿಯುವ ಮೀನುಗಾಳದ ಕೋಲುಗಳನ್ನು ಬಳಸಿ ಅದರ ಮಾದರಿಯನ್ನು ಮಾಡಿ ತೋರಿಸಿದನು. ನೈಲಾನ್ ಬಟ್ಟೆ, ಅಲ್ಯೂಮಿನಿಯಂ ಲೇಪಿಸಿದ ಹಾಳೆಗಳಿಂದಾದ, ಉದ್ದ ಅಗಲಗಳೆರಡೂ ಏಳು ಮೀಟರಿನ ಆಸುಪಾಸಿನಲ್ಲಿದ್ದ ಆ ಕೊಡೆಯನ್ನು ಹೊತ್ತು ಕಾನ್ರಾಡ್, ಕರ್ವಿನ್, ವೈಟ್ಜ್ ಎಂಬ ಮೂವರು ಮೇ ೨೫ರಂದು ಹೊರಟರು. ಮರುದಿನ ನಿಲ್ದಾಣದ ಒಳಗಿನಿಂದಲೇ, ಗೋಡೆಯಲ್ಲಿದ್ದ ಚಿಕ್ಕ ಕಿಂಡಿಯ ಮೂಲಕ ಮಡಿಸಿದ ಕೊಡೆಯನ್ನು ಹೊರಕ್ಕೆ ತಳ್ಳಿ ಅರಳಿಸಿದರು. ಉಷ್ಣತೆ ಇಳಿಯತೊಡಗಿತು, ಕೆಲವೇ ದಿನಗಳಲ್ಲಿ ಒಳಗೆ ವಾಸಿಸುವುದು ಸಾಧ್ಯವಾಯಿತು. ನೈಲಾನ್ ಸೂರ್ಯನ ಅತಿನೇರಳೆ ಕಿರಣಗಳಿಗೆ ಬಹುಕಾಲ ತಡೆಯಲಾರದೆಂಬ ಶಂಕೆಯಿದ್ದುದರಿಂದ, ಆಗಸ್ಟ್ ತಿಂಗಳಿನಲ್ಲಿ ಎರಡನೆಯ ತಂಡದವರು ಆ ಕೊಡೆಯ ಮೇಲೆ ಇನ್ನೊಂದು ಹಾಯಿಯನ್ನು ಹರಡಿದರು. ಮೂರು ತಂಡಗಳು ಸೇರಿ ೧೭೧ ದಿನ ಅಲ್ಲಿ ವಾಸಿಸಿ ಕೆಲಸ ಮಾಡಿದವು. ಟನ್ನುಗಟ್ಟಲೆ ಲೋಹದಿಂದಾಗದ ಕಾರ್ಯವು ಒಂದು ಬಟ್ಟೆಯ ನೆರಳಿನಿಂದ ಆಯಿತು.

ಲೇಪದ ಶತ್ರುಗಳು

ಹಚ್ಚಿದ ಲೇಪವು ಹಚ್ಚಿದಂತೆಯೇ ಉಳಿಯುವುದಾದರೆ ಶಾಸ್ತ್ರವು ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂತರಿಕ್ಷದಲ್ಲಿ ಅದಕ್ಕೆ ಶತ್ರುಗಳು ಹಲವರು.

ಮೊದಲನೆಯವು ಅತಿನೇರಳೆ ಕಿರಣಗಳು ಮತ್ತು ಸೂರ್ಯನಿಂದ ಹೊಮ್ಮುವ ವಿದ್ಯುತ್ಕಣಗಳು. ಇವುಗಳ ಹೊಡೆತಕ್ಕೆ ಬಿಳಿಯ ಲೇಪ ವರ್ಷಗಳುರುಳಿದಂತೆ ಹಳದಿಯಾಗಿ, ಕಂದಾಗುತ್ತದೆ. ೧೯೬೭ರ ಏಪ್ರಿಲಿನಲ್ಲಿ ಚಂದ್ರನ ಮೇಲಿಳಿದ ಸರ್ವೇಯರ್-೩ ಎಂಬ ಯಂತ್ರವನ್ನು ೧೯೬೯ರ ನವೆಂಬರಿನಲ್ಲಿ ಅಪೊಲೊ-೧೨ರ ಯಾತ್ರಿಗಳು ಹೋಗಿ ನೋಡಿದಾಗ, ಬೆಳ್ಳಗಿದ್ದ ಅದರ ಮೈ ಕಂದುಬಣ್ಣಕ್ಕೆ ತಿರುಗಿತ್ತು. ಕಿರಣಗಳೂ ಚಂದ್ರನ ಧೂಳೂ ಸೇರಿ ಮಾಡಿದ ಕೆಲಸ ಅದು. ಅಂದು ಅದನ್ನು ಕಂಡವರು ಕಾನ್ರಾಡ್ ಮತ್ತು ಬೀನ್. ಮುಂದೆ ಸ್ಕೈಲ್ಯಾಬಿನ ಮೊದಲನೆಯ, ಎರಡನೆಯ ತಂಡಗಳ ನಾಯಕರಾದವರೂ ಅವರೇ ಎಂಬುದು ಗಮನಾರ್ಹ. ಬಣ್ಣ ಕಂದಿದರೆ ಕೆಡುವುದು ಅಂದವಷ್ಟೇ ಅಲ್ಲ. ಹಿಂದಿನ ಲೆಕ್ಕದ ಬಿಳಿಯ ತಗಡು ಬಿಸಿಲಿನ ಐದನೆಯ ಒಂದು ಪಾಲಿಗೆ ಬದಲಾಗಿ ಐದನೆಯ ಎರಡು ಪಾಲನ್ನು ಹೀರತೊಡಗಿದರೆ, ಸೊನ್ನೆಗಿಂತ ೩ ಡಿಗ್ರಿ ಕೆಳಗಿದ್ದ ಅದರ ಉಷ್ಣತೆ ೪೮ ಡಿಗ್ರಿಗೆ ಏರುತ್ತದೆ. ಆದ್ದರಿಂದ ನೌಕೆಯನ್ನು ರೂಪಿಸುವವರು ಲೇಪದ ಯೌವನವನ್ನು ಮಾತ್ರವಲ್ಲದೆ ವಾರ್ಧಕ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಎರಡನೆಯ ಶತ್ರು ಪರಮಾಣುರೂಪದ ಆಮ್ಲಜನಕ. ಉಸಿರಿನ ಆಮ್ಲಜನಕದಲ್ಲಿ ಎರಡೆರಡು ಪರಮಾಣುಗಳು ಜೊತೆಗೂಡಿರುತ್ತವೆ. ಕೆಳಕಕ್ಷೆಯ ಎತ್ತರದಲ್ಲಿ ಸೂರ್ಯಕಿರಣಗಳು ಆ ಜೊತೆಯನ್ನು ಅಗಲಿಸಿಬಿಡುತ್ತವೆ. ಒಂಟಿಯಾದ ಪರಮಾಣು ಬಲು ಉಗ್ರ. ಸೆಕೆಂಡಿಗೆ ಎಂಟು ಕಿಲೋಮೀಟರಿಗೆ ಹತ್ತಿರವಾದ ವೇಗದಲ್ಲಿ ಧಾವಿಸುವ ನೌಕೆಯ ಮುಂಬದಿಗೆ ಅಪ್ಪಳಿಸಿ ಅದು ಪ್ಲಾಸ್ಟಿಕ್ಕಿನ ಹಾಳೆಗಳನ್ನು ಸವೆಯಿಸುತ್ತದೆ, ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ೧೯೮೪ರ ಏಪ್ರಿಲಿನಲ್ಲಿ ಅಮೆರಿಕೆಯು ಹಲವು ಬಗೆಯ ಲೇಪ ಹಾಗೂ ವಸ್ತುಗಳ ತುಣುಕುಗಳನ್ನು ಅಳವಡಿಸಿದ ದೊಡ್ಡ ಚೌಕಟ್ಟೊಂದನ್ನು ಕಕ್ಷೆಯಲ್ಲಿ ಬಿಟ್ಟಿತು. ಸುಮಾರು ಒಂದು ವರ್ಷದಲ್ಲಿ ಹಿಂದಕ್ಕೆ ತರಬೇಕೆಂಬ ಯೋಜನೆಯು ೧೯೮೬ರ ಚಾಲೆಂಜರ್ ದುರಂತದ ಕಾರಣದಿಂದಲೂ ತಡವಾಗಿ, ೧೯೯೦ರ ಜನವರಿಯಲ್ಲಿ ಅದು ಭೂಮಿಗೆ ಬಂತು. ಐದೂಮುಕ್ಕಾಲು ವರ್ಷಗಳ ಆ ವಾಸದಲ್ಲಿ ಕೆಲವು ತೆಳುಹಾಳೆಗಳು ಸಂಪೂರ್ಣವಾಗಿ ಸವೆದು ಮಾಯವಾಗಿದ್ದವು. ವಿಳಂಬವೇ ಇಲ್ಲಿ ವರವಾಯಿತು; ಇಷ್ಟು ದೀರ್ಘಕಾಲದ ಸಾಕ್ಷ್ಯ ಬೇರೆ ಬಗೆಯಲ್ಲಿ ಸಿಕ್ಕುತ್ತಿರಲಿಲ್ಲ. ಸಿಲಿಕಾನಿನ ಆಕ್ಸೈಡಿನಂಥ, ಆಗಲೇ ಆಮ್ಲಜನಕದಿಂದ ತೃಪ್ತವಾದ ಪದಾರ್ಥದ ತೆಳುಪೊರೆಯನ್ನು ಹೊದಿಸಿದರೆ ಒಳಗಿನ ಹಾಳೆ ಉಳಿಯುತ್ತದೆ. ಹೀಗೆ ಲೇಪಕ್ಕೂ ಒಂದು ಲೇಪ ಬೇಕಾಯಿತು.

ಮೂರನೆಯದು ಧೂಳು. ೧೯೭೩ರಲ್ಲಿ ಚಂದ್ರನ ನೆಲದ ಮೇಲೆ ಸುಮಾರು ೩೯ ಕಿಲೋಮೀಟರ್ ಸಂಚರಿಸಿದ ಸೋವಿಯತ್ ದೇಶದ ಲುನೊಖೋಡ್-೨ ಎಂಬ ಬಂಡಿಯ ಮುಚ್ಚಳವು ಕುಳಿಯ ಅಂಚಿಗೆ ತಗುಲಿ ಮಣ್ಣು ತುಂಬಿಕೊಂಡಿತೆಂದೂ, ಮುಚ್ಚಳವನ್ನು ಮುಚ್ಚಿದಾಗ ಆ ಮಣ್ಣು ಶಾಖ ಹೊರಹಾಕುವ ಮೈಯ ಮೇಲೆ ಸುರಿಯಿತೆಂದೂ ಹೇಳಲಾಗಿದೆ. ಬೆಳಗಾದ ಮೇಲೆ ಬಂಡಿಯು ತನ್ನ ಶಾಖವನ್ನು ತಾನು ಕಳೆದುಕೊಳ್ಳಲಾರದೆ ಕಾದು ಕೆಟ್ಟಿತು. ಒಂದು ಹಿಡಿ ಮಣ್ಣಿನಿಂದ ಒಂದು ದೇಶದ ಸಾಹಸವು ಕೊನೆಗೊಂಡಿತು.

ಚಂದ್ರನ ಶಾಖ

ಲೇಪ ಕೆಡದೆ ಇದ್ದಾಗಲೂ ಕಷ್ಟವೊದಗಬಹುದೆಂಬುದಕ್ಕೆ ಭಾರತದ ಚಂದ್ರಯಾನ-೧ ನಿದರ್ಶನ. ೨೦೦೮ರ ಅಕ್ಟೋಬರ್ ೨೨ರಂದು ಹೊರಟ ಈ ನೌಕೆ ನವೆಂಬರಿನಲ್ಲಿ ಚಂದ್ರನಿಂದ ೧೦೦ ಕಿಲೋಮೀಟರ್ ಎತ್ತರದ ಕಕ್ಷೆಯನ್ನು ಸೇರಿತು. ತಿಂಗಳ ಕೊನೆಯ ಹೊತ್ತಿಗೆ ಅದರೊಳಗಿನ ಉಷ್ಣತೆ ೫೦ ಡಿಗ್ರಿಯ ಸಮೀಪಕ್ಕೆ ಏರಿತು.

ಚಂದ್ರನ ನೆಲ ನಡುಹಗಲಿನಲ್ಲಿ ೧೨೦ ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ. ಕಾದ ಹಂಚಿನಂತೆ ಅವಗೆಂಪು ಕಿರಣಗಳನ್ನು ಮೇಲಕ್ಕೆ ಸೂಸುತ್ತದೆ. ೧೮೫೯ರಲ್ಲಿ ಕಿರ್ಖಾಫ್ ಎಂಬ ಜರ್ಮನ್ ವಿಜ್ಞಾನಿ ಹೇಳಿದ ನಿಯಮವೊಂದುಂಟು: ಯಾವ ಮೈ ಯಾವ ಬಗೆಯ ಕಿರಣವನ್ನು ಚೆನ್ನಾಗಿ ಸೂಸಬಲ್ಲುದೋ ಅದು ಅದೇ ಕಿರಣವನ್ನು ಚೆನ್ನಾಗಿ ಹೀರಲೂಬಲ್ಲುದು. ಬಿಳಿಯ ಲೇಪವೂ ಕನ್ನಡಿ ಬಿಲ್ಲೆಯೂ ಸೂರ್ಯನ ಬೆಳಕನ್ನೇನೋ ತಿರಸ್ಕರಿಸುತ್ತವೆ. ಚಂದ್ರನ ನೆಲದಿಂದ ಬರುವ ಅವಗೆಂಪು ಶಾಖವನ್ನು ತಿರಸ್ಕರಿಸಲಾರವು. ಶಾಖವನ್ನು ಹೊರಗೆ ಕಳುಹಿಸಲು ತೆರೆದಿಟ್ಟ ಬಾಗಿಲಿನಿಂದಲೇ ಅದು ಒಳಗೆ ಬರುತ್ತದೆ. ಇಂಥ ಕಡೆ ಲೇಪದ ಆಯ್ಕೆಯೊಂದೇ ಸಾಲದು. ಶಾಖ ಹೊರಹಾಕುವ ಮೈಯನ್ನು ಯಾವ ದಿಕ್ಕಿಗೆ ಮುಖಮಾಡಿಸಬೇಕೆಂಬ ವಿವೇಕವೂ ಬೇಕು.

ಬೆಂಗಳೂರಿನಲ್ಲಿ ನೌಕೆಯನ್ನು ನಡೆಸುತ್ತಿದ್ದವರು ಅದನ್ನು ಸುಮಾರು ೨೦ ಡಿಗ್ರಿ ಕೋನದಷ್ಟು ತಿರುಗಿಸಿದರು, ಕೆಲವು ಉಪಕರಣಗಳಿಗೆ ವಿಶ್ರಾಂತಿ ಕೊಟ್ಟರು. ಉಷ್ಣತೆ ೪೦ ಡಿಗ್ರಿಗೆ ಇಳಿಯಿತು. ೨೦೦೯ರ ಮೇ ತಿಂಗಳಿನಲ್ಲಿ ಕಕ್ಷೆಯನ್ನು ೨೦೦ ಕಿಲೋಮೀಟರಿಗೆ ಎತ್ತರಿಸಿದರು. ಆಗಸ್ಟ್ ೨೯ರಂದು ಸಂಪರ್ಕ ಕಡಿದುಹೋಯಿತು. ಎರಡು ವರ್ಷ ಬಾಳಬೇಕಾಗಿದ್ದ ನೌಕೆ ಬಾಳಿದ್ದು ಹತ್ತು ತಿಂಗಳು. ಆದರೆ ಅಷ್ಟರಲ್ಲಿ ಅದು ಕಳುಹಿಸಿದ ಮಾಹಿತಿಯಿಂದಲೇ ಚಂದ್ರನ ನೆಲದಲ್ಲಿ ನೀರಿನ ಅಂಶವಿರುವ ಸಂಗತಿಯು ಅದೇ ಸೆಪ್ಟೆಂಬರಿನಲ್ಲಿ ಲೋಕಕ್ಕೆ ತಿಳಿಯಿತು.

ಸೂರ್ಯನ ಸಮೀಪದಲ್ಲಿ

ಇತ್ತೀಚಿನ ಎರಡು ನೌಕೆಗಳು ಲೇಪಶಾಸ್ತ್ರದ ಪರಾಕಾಷ್ಠೆಯನ್ನು ತೋರಿಸುತ್ತವೆ. ೨೦೧೮ರ ಆಗಸ್ಟಿನಲ್ಲಿ ಹಾರಿದ ಪಾರ್ಕರ್ ನೌಕೆಯು ೨೦೨೪ರ ಡಿಸೆಂಬರ್ ೨೪ರಂದು ಸೂರ್ಯನ ಮೇಲ್ಮೈಯಿಂದ ಕೇವಲ ೬೧ ಲಕ್ಷ ಕಿಲೋಮೀಟರ್ ದೂರದಲ್ಲಿ ಹಾಯ್ದುಹೋಯಿತು. ಅಲ್ಲಿ ಬಿಸಿಲಿನ ತೀವ್ರತೆ ಭೂಮಿಯ ನೆರೆಯಲ್ಲಿರುವುದರ ನಾನೂರೈವತ್ತು ಪಟ್ಟಿಗೂ ಹೆಚ್ಚು. ಅದನ್ನು ಕಾಯುವುದು ಹನ್ನೊಂದೂವರೆ ಸೆಂಟಿಮೀಟರ್ ದಪ್ಪದ ಇಂಗಾಲದ ನೊರೆಯ ಗುರಾಣಿ, ಅದರ ಸೂರ್ಯಾಭಿಮುಖಕ್ಕೆ ಹಚ್ಚಿದ ಬಿಳಿಯ ಅಲ್ಯೂಮಿನದ ಲೇಪ. ಕಾದಾಗ ಅಲ್ಯೂಮಿನವೂ ಇಂಗಾಲವೂ ಒಂದನ್ನೊಂದು ಕೆಡಿಸದಂತೆ ನಡುವೆ ಟಂಗ್‌ಸ್ಟನ್ನಿನ ತೆಳುಪದರವುಂಟು. ಗುರಾಣಿಯ ನೆರಳಿನಲ್ಲಿರುವ ಉಪಕರಣಗಳು ಸಾಧಾರಣ ಕೋಣೆಯ ಹವೆಯಲ್ಲಿರುವಂತೆ ಇರುತ್ತವೆ.

ಇದಕ್ಕೆ ಪ್ರತಿಯಾಗಿ, ೨೦೨೦ರ ಫೆಬ್ರುವರಿಯಲ್ಲಿ ಐರೋಪ್ಯರು ಕಳುಹಿಸಿದ ಸೋಲಾರ್ ಆರ್ಬಿಟರ್ ನೌಕೆಯ ಗುರಾಣಿಯ ಬಣ್ಣ ಕಪ್ಪು! ಅದು ಸೂರ್ಯನಿಗೆ ಸುಮಾರು ೪.೨ ಕೋಟಿ ಕಿಲೋಮೀಟರ್ ಸಮೀಪಕ್ಕೆ ಹೋಗುತ್ತದೆ. ಗುರಾಣಿ ೫೦೦ ಡಿಗ್ರಿಯವರೆಗೆ ಕಾಯುತ್ತದೆ. ಬಿಳಿಯ ಬಣ್ಣವು ವರ್ಷಗಟ್ಟಲೆ ಬಿಸಿಲಿನಲ್ಲಿ ಹೇಗೂ ಕಪ್ಪಾಗುವುದಾದರೆ, ಎಷ್ಟು ಕಪ್ಪಾದೀತೆಂಬ ಸಂದೇಹದಲ್ಲಿ ಬಾಳುವುದಕ್ಕಿಂತ ಮೊದಲಿನಿಂದಲೇ ಬದಲಾಗದ ಕಪ್ಪನ್ನು ಆರಿಸಿಕೊಳ್ಳುವುದು ಲೇಸೆಂದು ಅವರು ತೀರ್ಮಾನಿಸಿದರು.  ಸುಟ್ಟ ಮೂಳೆಯ ಇದ್ದಿಲಿನಿಂದ ಆ ಲೇಪವನ್ನು ಸಿದ್ಧಪಡಿಸಿದರು. ಇತಿಹಾಸಪೂರ್ವಕಾಲದ ಗುಹಾವಾಸಿಗಳು ಬಂಡೆಗಳ ಮೇಲೆ ಚಿತ್ರ ಬರೆಯಲು ಬಳಸಿದ ಬಣ್ಣಗಳಲ್ಲಿ ಇಂಥದೇ ಇದ್ದಿಲೂ ಒಂದು. ಅತಿ ನೂತನವಾದ ಸಾಹಸಕ್ಕೆ ಅತಿ ಪುರಾತನವಾದ ಮಸಿಯೇ ಒದಗಿ ಬಂದಿತು.

ಶಾಲೆಯ ಅಂಗಳದಲ್ಲಿ

ಈ ಲೇಪಗಳನ್ನು ಹಚ್ಚುವವರ ಎಚ್ಚರಿಕೆಯೂ ಉಲ್ಲೇಖಾರ್ಹ. ಧೂಳಿಲ್ಲದ ಕೋಣೆಯಲ್ಲಿ, ಕೈಗವಸು ತೊಟ್ಟು ಕೆಲಸ ಮಾಡುತ್ತಾರೆ. ಬರಿಗೈಯ ಬೆರಳೊತ್ತೂ ಲೇಪದ ಗುಣವನ್ನು ಕೆಡಿಸಬಲ್ಲದು. ಸಿದ್ಧವಾದ ನೌಕೆಯನ್ನು ಗಾಳಿ ತೆಗೆದ ದೊಡ್ಡ ಕೋಶದೊಳಗಿಟ್ಟು, ಕಾಯಿಸಿ, ತಣಿಸಿ ಪರೀಕ್ಷಿಸುತ್ತಾರೆ. ಬೆಂಗಳೂರಿನ ಕೇಂದ್ರದಲ್ಲಿ ಅಂಥ ಕೋಶಗಳಿವೆ. ಮೇಲೇರಿದ ಬಳಿಕ ತಿದ್ದಲು ಯಾರೂ ಹೋಗಲಾರರು. ಸ್ಕೈಲ್ಯಾಬಿಗೆ ದೊರೆತ ಭಾಗ್ಯ ಎಲ್ಲ ನೌಕೆಗಳಿಗೂ ದೊರೆಯುವಂಥದಲ್ಲ.

ಇದರ ತತ್ತ್ವವನ್ನು ಮಕ್ಕಳಿಗೆ ತೋರಿಸಲು ಪ್ರಯೋಗಶಾಲೆಯೂ ಬೇಡ. ಒಂದೇ ಅಳತೆಯ, ಮುಚ್ಚಳವಿರುವ ಮೂರು ತಗಡಿನ ಡಬ್ಬಿಗಳು ಸಾಕು. ಒಂದಕ್ಕೆ ದೀಪದ ಮಸಿ ಹಿಡಿಸಬೇಕು, ಒಂದಕ್ಕೆ ಸುಣ್ಣ ಬಳಿಯಬೇಕು, ಮೂರನೆಯದನ್ನು ಹುಣಿಸೆಹಣ್ಣಿನಿಂದ ಉಜ್ಜಿ ಬೆಳಗಬೇಕು. ಮಸಿಯ ಡಬ್ಬಿ, ಸುಣ್ಣದ ಡಬ್ಬಿಗಳಲ್ಲಿ ಸಮನಾಗಿ ತಣ್ಣೀರು ತುಂಬಿ ಒಂದು ಗಂಟೆ ಬಿಸಿಲಿನಲ್ಲಿಟ್ಟರೆ ಮಸಿಯದು ಹೆಚ್ಚು ಕಾದಿರುತ್ತದೆ. ಇದನ್ನು ಮಕ್ಕಳು ಮೊದಲೇ ಊಹಿಸಿರುತ್ತಾರೆ. ಅನಂತರ ಮೂರೂ ಡಬ್ಬಿಗಳಿಗೆ ಒಂದೇ ಪಾತ್ರೆಯ ಕುದಿನೀರನ್ನು ಸಮನಾಗಿ ಸುರಿದು, ಗಾಳಿಯಾಡದ ನೆರಳಿನ ಕೋಣೆಯಲ್ಲಿಟ್ಟು, ಐದೈದು ನಿಮಿಷಕ್ಕೊಮ್ಮೆ ಉಷ್ಣಮಾಪಕವನ್ನು ನೋಡಿ ಬರೆದಿಡಬೇಕು. ಕಪ್ಪು ಡಬ್ಬಿ, ಬಿಳಿಯ ಡಬ್ಬಿಗಳೆರಡೂ ಹೆಚ್ಚುಕಡಮೆ ಜೊತೆಜೊತೆಯಾಗಿ ತಣಿಯುತ್ತವೆ; ಬೆಳಗಿದ ಡಬ್ಬಿ ಹಿಂದುಳಿಯುತ್ತದೆ. ಇದನ್ನು ಅವರು ಊಹಿಸಿರುವುದಿಲ್ಲ. ಬಿಸಿಲಿನಲ್ಲಿ ಪರಸ್ಪರ ವಿರುದ್ಧವಾಗಿದ್ದ ಕಪ್ಪು ಬಿಳುಪುಗಳು ನೆರಳಿನಲ್ಲಿ ಒಂದೇ ಆದುವೇಕೆ ಎಂದು ಒಂದು ಮಗು ಕೇಳಿದರೂ ಉಪಾಧ್ಯಾಯರ ಅಂದಿನ ಪಾಠ ಸಾರ್ಥಕ. ಎಕ್ಸ್‌ಪ್ಲೋರರಿನ ಪಟ್ಟೆಗಳಿಂದ ಪಾರ್ಕರಿನ ಗುರಾಣಿಯವರೆಗೆ ಹರಿದು ಬಂದ ವಿದ್ಯೆಯೆಲ್ಲವೂ ಆ ಒಂದು ಪ್ರಶ್ನೆಯ ಉತ್ತರವೇ ಆಗಿದೆ.